ಹವಾಲ್ದಾರ ಕೊಟ್ಟ ಭಂಡಾರ

1974ರ ಏಪ್ರಿಲ್ ಒಂದರಂದು ದೇಶದಲ್ಲಿ ಹೊಸ ದಂಡ ಪ್ರಕ್ರಿಯಾ ಸಂಹಿತೆ ಜಾರಿಗೆ ಬಂತು. ಬಂಧಿಸಿದವನಿಗೆ ಯಾಕೆ ಬಂಧಿಸಿದ್ದೇವೆಂದು ಹೇಳಬೇಕು, ತನ್ನ ಮೈಯನ್ನು ವೈದ್ಯರು ಪರೀಕ್ಷಿಸಲಿ ಎಂದು ಅವನು ಕೇಳಿಕೊಂಡರೆ ಮ್ಯಾಜಿಸ್ಟ್ರೇಟರು ಅದಕ್ಕೆ ಆಜ್ಞೆ ಮಾಡಬೇಕು ಎಂಬ ಮಾತುಗಳು ಅದರಲ್ಲಿ ಹೊಸದಾಗಿ ಸೇರಿದ್ದವು. ಅದೇ ಬೇಸಿಗೆಯ ಕೊನೆಗೆ ಸವದತ್ತಿ ಕಡೆಯ ಒಂದು ಹಳ್ಳಿಯ ಯಲ್ಲಪ್ಪ ಎಂಬ ಚಕ್ಕಡಿ ಹೊಡೆಯುವವನು ಪೊಲೀಸರ ವಶದಲ್ಲಿದ್ದಾಗ ಸತ್ತ.

ನಾನು ಆಗ ಬೈಲಹೊಂಗಲದಲ್ಲಿದ್ದೆ. ಹುಬ್ಬಳ್ಳಿಯ ಒಂದು ಪತ್ರಿಕೆಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಇಷ್ಟಕ್ಕೂ ಒಬ್ಬನೇ ವರದಿಗಾರ. ಅರಳೆ ಅಂಗಡಿಯ ಮೇಲಿನ ಕೋಣೆಯಲ್ಲಿ ವಾಸ. ಬರೆದದ್ದನ್ನು ಲಕೋಟೆಯಲ್ಲಿಟ್ಟು ಕಿತ್ತೂರಿನ ಹೆದ್ದಾರಿಗೆ ಹೋಗಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುವುದು ದಿನದ ಕೊನೆಯ ಕೆಲಸ.

ಐವತ್ತು ವರ್ಷದ ಮೇಲೆ, ಕಳೆದ ವರ್ಷ, ಒಂದು ಪ್ರಮಾಣಪತ್ರಕ್ಕೆ ಸಹಿ ಮಾಡಲು ಸವದತ್ತಿಯ ಕೋರ್ಟಿಗೆ ಹೋಗಬೇಕಾಯಿತು. ಗೋಡೆಯ ಮೇಲೆ ಮತ್ತೊಂದು ಹೊಸ ಸಂಹಿತೆಯ ಪ್ರಕಟಣೆ ಅಂಟಿಸಿದ್ದರು. ನನ್ನ ಪಕ್ಕ ಬೆಂಚಿನ ಮೇಲೆ ಕುಳಿತಿದ್ದ ಹೆಂಗಸು ಎಲ್ಲಮ್ಮನ ಗುಡ್ಡದಿಂದ ಇಳಿದು ಬಂದವಳು. ಸೊಂಟದ ಚೀಲ ಬಿಚ್ಚಿ, ದೇವಿಯ ಭಂಡಾರವನ್ನು ಚಿಟಿಕೆಯಷ್ಟು ತೆಗೆದು ಹಣೆಗೆ ಹಚ್ಚಿಕೊಂಡಳು. ಒಣ ಅರಿಸಿನದ ಆ ಘಾಟು ಮೂಗಿಗೆ ಹತ್ತಿತು. ಆ ವಾಸನೆ ಮೊದಲ ಸಲ ನನ್ನ ಮೂಗಿಗೆ ಹತ್ತಿದ್ದು ಹೊಲದಲ್ಲಲ್ಲ, ಗುಡಿಯಲ್ಲಲ್ಲ, ಒಂದು ಸಬ್‌ಜೈಲಿನ ಕಂಬಿಗಳ ನಡುವೆ.

1974ರ ಮೇ ತಿಂಗಳಲ್ಲಿ ವೆಂಕೋಬರಾಯ ಎಂಬ ಕಾರಕೂನನ ಕೊಲೆಯಾಯಿತು. ಸಿರಸಂಗಿ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಒಂದು ಹಳ್ಳಿ. ಹೆಸರು ಇಲ್ಲಿ ಬೇಡ. ಅಲ್ಲಿನ ವಾಡೆಯ ಜಮೀನುದಾರರ ಹೊಲಗಳ ಪಾಲಿನ ಜೋಳ ಅಳೆಸಿಕೊಂಡು ಬರುವುದು ಅವನ ಕೆಲಸ. ದನದ ದಾರಿಯಲ್ಲಿ ಬೆಳಿಗ್ಗೆ ಯಾರೋ ಕೊಡಲಿಯಿಂದ ಕಡಿದಿದ್ದರು. ನಾನು ಹೋಗುವ ಹೊತ್ತಿಗೆ ಹೆಣ ಇನ್ನೂ ಅಲ್ಲೇ ಇತ್ತು. ಮೊದಲ ಏಟು ಕಿವಿಯನ್ನು ಹಾರಿಸಿ ಭುಜಕ್ಕೆ ಇಳಿದಿತ್ತು. ಎರಡನೆಯದು ಕುತ್ತಿಗೆಗೆ. ಎಡಗೈಯಲ್ಲಿ ಮಡಿಸಿದ ಕೊಡೆ ಹಾಗೇ ಇತ್ತು. ಧೂಳು ರಕ್ತ ಕುಡಿದು ಹಪ್ಪಳದ ಹಾಗೆ ಎದ್ದಿತ್ತು.

ಉಳುವವನಿಗೇ ಭೂಮಿ ಎಂಬ ತಿದ್ದುಪಡಿ ಆ ಮಾರ್ಚಿನಲ್ಲಿ ಜಾರಿಗೆ ಬಂದಿತ್ತು. ವಾಡೆಯ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಅಣ್ಣತಮ್ಮಂದಿರಿಬ್ಬರು, ನಿಂಗಪ್ಪ ಮತ್ತು ಯಲ್ಲಪ್ಪ, ಇನ್ನು ಮೇಲೆ ಪಾಲು ಕೊಡುವುದಿಲ್ಲ ಎಂದು ಸಂತೆಯಲ್ಲಿ ಕಾರಕೂನನೊಂದಿಗೆ ಜಗಳವಾಡಿದ್ದನ್ನು ಎಲ್ಲರೂ ನೋಡಿದ್ದರು. ಉಳಿದ ದಿನಗಳಲ್ಲಿ ಅವರು ಬೈಲಹೊಂಗಲದ ಪೇಟೆಗೆ ಅರಳೆ ಹೇರಿಕೊಂಡು ಬರುವ ಚಕ್ಕಡಿಯವರು. ಕೊಲೆಯಾದ ಸಂಜೆಯೇ ಫೌಜದಾರರು ಇಬ್ಬರನ್ನೂ ಹಿಡಿದರು. ನಮ್ಮ ಕಡೆ ಸಬ್ ಇನ್‌ಸ್ಪೆಕ್ಟರಿಗೆ ಫೌಜದಾರ ಎಂದೇ ಹೆಸರು. ಚಕ್ಕಡಿಯನ್ನೂ ಎತ್ತುಗಳನ್ನೂ ಜಪ್ತಿ ಮಾಡಿ ಹೊರಠಾಣೆಯ ಹಿಂದೆ ಕಟ್ಟಿದರು.

ಮರುದಿನ ಬೆಳಿಗ್ಗೆ ಯಲ್ಲಪ್ಪ ಬಾವಿಗೆ ಹಾರಿದ ಎಂಬ ಸುದ್ದಿ ಬಂತು.

ಬಾವಿ ಎರೆಹೊಲದ ನಡುವೆ ಇತ್ತು. ಬೇಸಿಗೆಯ ಕೊನೆ, ನೀರು ಮೊಣಕಾಲಿನ ಮಟ್ಟಕ್ಕಿತ್ತು. ಹೆಣಕ್ಕೆ ಹಗ್ಗ ಕಟ್ಟಲು ಇಳಿದವನು ಬಾವಿಯೊಳಗೆ ನಡೆದಾಡುತ್ತಿದ್ದ. ಫೌಜದಾರರು ಬೇವಿನ ನೆರಳಿನಲ್ಲಿ ನಿಂತು ನನ್ನನ್ನು ಕರೆದರು.

“ಬರಕೋರಿ ವರದಿಗಾರ್ರ. ಕೊಡ್ಲಿ ತೋರಸ್ತೇನಿ ಅಂತ ಕರಕೊಂಡ ಬಂದ. ಬಾವಿ ಕಂಡ ಕೂಡ್ಲೆ ಹಾರಿಬಿಟ್ಟ. ಮಾಡಿದ ಪಾಪ ಸುಮ್ನ ಬಿಡತೈತೇನು?”

“ಬೇಡಿ ಹಾಕಿರಲಿಲ್ಲೇನ್ರಿ ಸಾಹೇಬ್ರ?”

“ಹೊಸಾ ಕಾನೂನ ಬಂದೈತಲ್ಲಪಾ. ಬೇಡಿ ಹಾಕಿದ್ರ ನೀವ ಬರೀತೀರಿ, ಹಾಕದಿದ್ರೂ ನೀವ ಬರೀತೀರಿ.”

ಜತೆಗಿದ್ದ ಪೊಲೀಸರು ನಕ್ಕರು. ಒಬ್ಬನು ನಗಲಿಲ್ಲ: ಶಿವಪುತ್ರಪ್ಪ ಹವಾಲ್ದಾರ. ಸವದತ್ತಿಯವನೇ, ಐವತ್ತು ದಾಟಿದವನು. ಈ ಭಾಗದ ಹಳ್ಳಿಗಳಲ್ಲಿ ಯಾರ ಮನೆಗೆ ಯಾವ ದೇವರು ಎಂಬುದು ಅವನಿಗೆ ಗೊತ್ತಿತ್ತು. ಅವನು ಬಾವಿಯ ಕಡೆ ಬೆನ್ನು ಮಾಡಿ ನಿಂತಿದ್ದ.

ಹೆಣ ಮೇಲೆ ಬಂದಾಗ ಮೊದಲು ಕಂಡದ್ದು ಅಂಗಾಲು. ಸುಟ್ಟ ಬದನೆಕಾಯಿಯ ಹಾಗೆ ಉಬ್ಬಿ, ಸಿಪ್ಪೆ ಉದ್ದಕ್ಕೆ ಸೀಳಿತ್ತು. ಬಾವಿಗೆ ಹಾರಿದವನ ಅಂಗಾಲಿಗೆ ಹಾಗಾಗುವುದಿಲ್ಲ. ಸಂಜೆಯೊಳಗೆ, ಮರಣೋತ್ತರ ಪರೀಕ್ಷೆ ಮಾಡಿಸದೆ, ಪೊಲೀಸರ ಕಾವಲಿನಲ್ಲೇ ಹೂಳಿದರು. ನಾನು ನೀರಿನ ಆಳವನ್ನೂ ಬರೆದೆ, ಅಂಗಾಲನ್ನೂ ಬರೆದೆ. ಪತ್ರಿಕೆಯಲ್ಲಿ ನೀರಿನ ಆಳ ಬಂತು, ಅಂಗಾಲು ಬರಲಿಲ್ಲ. ಟ್ರಂಕ್ ಕಾಲ್‌ನಲ್ಲಿ ಸುದ್ದಿ ಸಂಪಾದಕರು ಹೇಳಿದ್ದು ಒಂದೇ ಮಾತು: “ಗಾಯದ ಬಗ್ಗೆ ಡಾಕ್ಟರ್ ಹೇಳಲಿ, ನಾಳೆಯೇ ಹಾಕೋಣ.”

ಹೂತ ಹೆಣದ ಬಗ್ಗೆ ಹೇಳಲು ಡಾಕ್ಟರು ಸಿಗುವಂತಿರಲಿಲ್ಲ. ಆದರೆ ಅದೇ ಠಾಣೆಯಲ್ಲಿ, ಅದೇ ಹೊತ್ತಿನಲ್ಲಿ ಇದ್ದ ಇನ್ನೊಂದು ಮೈ ಜೀವಂತವಿತ್ತು. ಅದು ನಿಂಗಪ್ಪನದು. ಅವನ ಮೈಮೇಲಿನ ಗುರುತುಗಳನ್ನು ವೈದ್ಯರು ಬರೆದುಕೊಟ್ಟರೆ, ಅವನ ಬಾಯಿಂದ ಠಾಣೆಯಲ್ಲಿ ನಡೆದದ್ದು ಹೊರಬಂದರೆ, ತಮ್ಮನ ಗೋರಿಯನ್ನು ತೆರೆಸಬಹುದಿತ್ತು. ಇಲ್ಲದಿದ್ದರೆ ಯಲ್ಲಪ್ಪ ಕೊಲೆ ಮಾಡಿ ಬಾವಿಗೆ ಹಾರಿದವನಾಗಿಯೇ ಉಳಿಯುತ್ತಿದ್ದ, ನಿಂಗಪ್ಪ ಕೊಲೆಗಾರನ ಜತೆಗಾರನಾಗಿ ಗಲ್ಲಿಗೋ ಜೀವಾವಧಿಗೋ ಹೋಗುತ್ತಿದ್ದ.

ಹೆಣ ಹೂತ ಮರುದಿನ ಅವನನ್ನು ತಾಲೂಕಿನ ಕೋರ್ಟಿಗೆ ಹಾಜರು ಮಾಡಿದರು. ಮ್ಯಾಜಿಸ್ಟ್ರೇಟರು ಮೈಸೂರು ಕಡೆಯವರು, ತರುಣರು. ಮೇಜಿನ ಮೇಲೆ ಹೊಸ ಸಂಹಿತೆಯ ಪುಸ್ತಕವಿತ್ತು, ಹಾಳೆಗಳ ನಡುವೆ ಕಾಗದದ ಚೂರುಗಳು. ನಿಂಗಪ್ಪ ಪಾದದ ಅಂಚಿನ ಮೇಲೆ ನಿಂತಿದ್ದ. ಅಂಗಾಲು ಊರಿರಲಿಲ್ಲ. ಬಲಗೈ ಮುಷ್ಟಿ ಬಿಗಿಯಾಗಿತ್ತು, ಬೆರಳ ಸಂದುಗಳಲ್ಲಿ ಹಳದಿ ಬಣ್ಣ.

“ಪೊಲೀಸ್ನೋರು ನಿಮಗೆ ಹೊಡೆದಿದ್ದಾರೇನಪ್ಪಾ?”

“ಇಲ್ರಿ.”

“ಹೆದರಬೇಡಿ. ಡಾಕ್ಟರಿಗೆ ತೋರಿಸಿ ಅಂತ ನೀವು ಕೇಳಬಹುದು. ಈಗ ಹೊಸ ಕಾನೂನಿದೆ. ಕೇಳಿದ್ರೆ ಈಗಲೇ ಕಳಿಸ್ತೀನಿ.”

“ಏನೂ ಬ್ಯಾಡ್ರಿ.”

ಬಾಗಿಲಲ್ಲಿ ನಿಂತಿದ್ದ ಹೆಂಗಸು ಕೂಗಿದಳು. “ಸಾಹೇಬ್ರ, ಅಂಗಿ ತಗಸ್ರಿ! ಅಂಗಿ ತಗಿಸಿ ನೋಡ್ರಿ!” ಅದು ಅವನ ಹೆಂಡತಿ ದ್ಯಾಮವ್ವ. ಕೋರ್ಟಿನ ಪಟ್ಟೇವಾಲ ಅವಳನ್ನು ಹಿಂದಕ್ಕೆ ನೂಕಿದ. ಮ್ಯಾಜಿಸ್ಟ್ರೇಟರು ಕೈಯೆತ್ತಿ ತಡೆದು, ಅಂಗಿ ಬಿಚ್ಚುವಂತೆ ನಿಂಗಪ್ಪನಿಗೆ ಹೇಳಿದರು. ಅವನು ಎರಡೂ ಕೈಯಿಂದ ಅಂಗಿಯ ಎದೆಯನ್ನು ಹಿಡಿದುಕೊಂಡ.

“ಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೇನಿ.”

ಪೊಲೀಸ್ ವಕೀಲರು ಎದ್ದು, ಕೇಳಬೇಕಾದವನು ಆರೋಪಿ, ಆರೋಪಿಯ ಹೆಂಡತಿ ಅಲ್ಲ ಎಂದರು. ಪುಸ್ತಕದಲ್ಲಿ ಹಾಗೇ ಇತ್ತು. ಮ್ಯಾಜಿಸ್ಟ್ರೇಟರು ಆ ಕಲಮನ್ನು ಮತ್ತೊಮ್ಮೆ ಓದಿಕೊಂಡದ್ದನ್ನು ನಾನು ನೋಡಿದೆ. ಬಂಧಿತನು ಕೇಳಲಿ ಬಿಡಲಿ ವೈದ್ಯರು ಪರೀಕ್ಷಿಸಲೇಬೇಕು ಎಂದು ಆ ಕಲಮು ಬದಲಾದದ್ದು 2009ರ ಕೊನೆಗೆ. ನಿಂಗಪ್ಪನನ್ನು ಹದಿನೈದು ದಿನ ಸಬ್‌ಜೈಲಿಗೆ ಕಳಿಸಿದರು.

ಹೊರಗೆ ಹುಣಸೆ ಮರದ ಕೆಳಗೆ ಗುಂಡಾಚಾರ್ ವಕೀಲರು ದ್ಯಾಮವ್ವನ ವಕಾಲತ್ತು ಬರೆಸಿಕೊಂಡರು. ಅವರ ತಂದೆ ಕಾಶಿಯಲ್ಲಿ ಓದಿ ಬಂದ ವೈದಿಕರು. ಮಗ ಕರಿಕೋಟು ಹಾಕಿದ್ದಕ್ಕೆ ಒಂದು ವರ್ಷ ಮಾತು ಬಿಟ್ಟಿದ್ದರಂತೆ.

“ಮುಂದಿನ ಹಾಜರಿ ಹದಿನೈದ ದಿವಸಕ್ಕ ಅದ,” ಎಂದರು ವಕೀಲರು. “ಅಷ್ಟರಾಗ ಬಾಸುಂಡಿ ಮಾಯ್ತಾವ. ಅಂಗಾಲಿನ ಬಾವು ಇಳೀತದ. ಆಮ್ಯಾಲೆ ಅವಾ ಬಾಯಿ ಬಿಟ್ರೂ ಡಾಕ್ಟರಿಗೆ ಕಾಣಸೂದು ಏನೂ ಉಳದಿರೂದಿಲ್ಲ. ಅವಾ ಯಾಕ ಹಿಂಗ ಮಾಡಿದಾ?”

“ಕೈಯಾಗ ನೋಡಲಿಲ್ಲೇನ್ರಿ?” ಎಂದಳು ದ್ಯಾಮವ್ವ. “ಭಂಡಾರ ಕೊಟ್ಟಾರ.” ಎಲ್ಲಮ್ಮನ ಭಂಡಾರ ಕೈಗೆ ಕೊಟ್ಟರೆಂದರೆ ಬಾಯಿ ಬಿಡುವುದಿಲ್ಲ ಎಂದು ಆಣೆ ಹಾಕಿಸಿದಂತೆ, ಮುರಿದರೆ ಯಾರ ಹೆಸರಿನ ಮೇಲೆ ಹಾಕಿಸಿದರೋ ಅವರಿಗೆ ಕೇಡು.

ಸಬ್‌ಜೈಲಿನ ಕಂಬಿಯ ಆಚೆ ನಿಂಗಪ್ಪ ಕುಳಿತೇ ಇದ್ದ, ನಿಲ್ಲಲು ಆಗುತ್ತಿರಲಿಲ್ಲ. ಆ ಭಂಡಾರದ ವಾಸನೆ ಅಲ್ಲಿ ಬಂತು. ಅವನು ಊಟವನ್ನೂ ಎಡಗೈಯಿಂದ ಮಾಡುತ್ತಿದ್ದ ಎಂದು ಕಾವಲಿನವನು ಹೇಳಿದ. ಗುಂಡಾಚಾರ್ ಬಗ್ಗಿ ನಿಧಾನವಾಗಿ ಹೇಳಿದರು.

“ನಿಂಗಪ್ಪ, ಬಲವಂತದ ಆಣಿ ಆಣಿ ಅಲ್ಲೋ. ನಮ್ಮ ತಂದಿಯವರನ್ನ ಕೇಳಿ ಬಂದೇನಿ. ಶಾಸ್ತ್ರದಾಗ ಹಂಗ ಅದ.”

“ನಿಮ್ಮ ಶಾಸ್ತ್ರದಾಗ ಇರಬೇಕ್ರಿ. ಗುಡ್ಡದಾಕಿ ನಿಮ್ಮ ಶಾಸ್ತ್ರಾ ಓದ್ಯಾಳೇನ್ರಿ?”

ಕಾವಲಿನವನು ಬಾಯಿಗೆ ಕೈ ಹಿಡಿದು ನಕ್ಕ. ದ್ಯಾಮವ್ವ ಕಂಬಿಯನ್ನು ಬಡಿದಳು. “ಬಾಯಿ ಸತ್ತಾಂವಾ! ನಿನ್ನ ತಮ್ಮನ್ನ ಮಣ್ಣಾಗ ಇಟ್ಟು ಬಂದೇನಿ. ನೀ ಇಲ್ಲಿ ಮುಷ್ಟಿ ಹಿಡಕೊಂಡು ಕುಂತಿ?”

“ಗಂಗವ್ವನ ಮ್ಯಾಲೆ ಮಾಡಿಸ್ಯಾರ,” ಎಂದ ನಿಂಗಪ್ಪ.

ಗಂಗವ್ವ ಅವರ ಒಬ್ಬಳೇ ಮಗಳು. ದ್ಯಾಮವ್ವ ಕಂಬಿಯಿಂದ ಕೈ ತೆಗೆದಳು. “ಯಾರು ಕೊಟ್ರು?” ಎಂದು ಕೇಳಿದಳು.

“ಶಿವಪುತ್ರಪ್ಪ ಹವಾಲ್ದಾರ. ಕೊಟ್ಟ ಕೈ ತಿರುಗಿ ತಗೊಂಡ್ರಷ್ಟ ಇಳೀತೈತಿ.”

ಫೌಜದಾರರಿಗೆ ಇದು ಹೊಳೆಯುವ ಉಪಾಯವಾಗಿರಲಿಲ್ಲ. ಅವರು ಬೇರೆ ಜಿಲ್ಲೆಯವರು. ಲಾಠಿಯ ಹೆದರಿಕೆ ಕೋರ್ಟಿನ ಬಾಗಿಲ ತನಕ ಮಾತ್ರ ಇರುತ್ತದೆ ಎಂದು ತಿಳಿದಿದ್ದವನು ಹವಾಲ್ದಾರ. ಹೊಸ ಕಾನೂನು ಬಂದಿದೆ ಎಂದು ಠಾಣೆಯಲ್ಲಿ ಚಿಂತೆಯಾದಾಗ ತನ್ನ ಕಿಸೆಯ ಚೀಲದಿಂದ ಭಂಡಾರ ತೆಗೆದವನು ಅವನು. ಅವನ ಮನೆಯೂ ಎಲ್ಲಮ್ಮನ ಒಕ್ಕಲೇ. ತಾನು ಕೊಡುತ್ತಿರುವುದು ಬರೀ ಅರಿಸಿನದ ಪುಡಿ ಎಂದು ಅವನು ಅಂದುಕೊಂಡಿರಲಿಲ್ಲ. ಆಣೆ ಕೆಲಸ ಮಾಡಿದ್ದು ಅದಕ್ಕೇ.

ಶಿವಪುತ್ರಪ್ಪನ ಮನೆ ಸವದತ್ತಿಯ ಕೋಟೆಯ ಕೆಳಗಿನ ಓಣಿಯಲ್ಲಿತ್ತು. ದ್ಯಾಮವ್ವ ಹೋದಾಗ ಅವನು ಅಂಗಳದಲ್ಲಿ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದ. ನಾನು ಓಣಿಯ ಆಚೆ ಬದಿಯ ಕಟ್ಟೆಯ ಮೇಲೆ ನಿಂತೆ.

“ಹವಾಲ್ದಾರ್ರ, ಸಾಕ್ಷಿ ಹೇಳ್ರಿ ಅಂತ ಬಂದಿಲ್ಲ. ನಿಮ್ಮ ನೌಕರಿಗೆ ಕಲ್ಲು ಹಾಕಾಕ ಬಂದಿಲ್ಲ. ಕೊಟ್ಟ ಭಂಡಾರ ತಿರುಗಿ ತಗೋರಿ, ಅಷ್ಟ.”

“ಏನ್ ಕೊಟ್ಟೇನಿ? ಹುಚ್ಚಿ ಇದ್ದಂಗ ಮಾತಾಡಬ್ಯಾಡ. ನಡಿ.”

“ಹುಚ್ಚಿ ಅನ್ರಿ, ಏನರ ಅನ್ರಿ. ತಗೋರಿ.”

“ತಗೊಂಡ್ರ ಅಂವಾ ಬಾಯಿ ಬಿಡ್ತಾನ. ಬಾಯಿ ಬಿಟ್ರ ಮೊದಲ ಹೆಸರು ನಂದ. ನಾಲ್ಕು ಮಕ್ಕಳ ತಂದಿ ನಾನು.”

“ಯಲ್ಲಪ್ಪಂಗೂ ಒಬ್ಬ ತಂದಿ ಇದ್ದ ಬಿಡ್ರಿ.”

ಒಳಗಿನಿಂದ ಅವನ ತಾಯಿ ಬಸಲಿಂಗವ್ವ ಹೊರಬಂದಳು. ಹುಣ್ಣಿಮೆಗೊಮ್ಮೆ ಬರಿಗಾಲಲ್ಲಿ ಗುಡ್ಡ ಹತ್ತುವ ಮುದುಕಿ. ಏನು ಭಂಡಾರ, ಯಾರಿಗೆ ಕೊಟ್ಟಿ ಎಂದು ಮಗನನ್ನು ಕೇಳಿದಳು. ಅವನು ಬೂಟು ಹಾಕಿಕೊಂಡು ಹೋದ.

ದ್ಯಾಮವ್ವ ಹೊಸ್ತಿಲ ಮುಂದೆ ಸೆರಗಿನ ಉಡಿಯೊಡ್ಡಿ ಕುಳಿತಳು. ನಮ್ಮ ಹಳ್ಳಿಗಳ ಹಳೆಯ ರೂಢಿ ಅದು. ಹೆಂಗಸು ಉಡಿಯೊಡ್ಡಿ ಹೊಸ್ತಿಲಲ್ಲಿ ಕುಳಿತರೆ, ಅವಳು ಬೇಡಿದ್ದನ್ನು ಕೊಡುವ ತನಕ ಆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಬಸಲಿಂಗವ್ವ ಒಲೆಯ ಕೆಂಡಕ್ಕೆ ನೀರು ಹಾಕಿದಳು. ಸೊಸೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದಳು. ಓಣಿಯವರು ಮೊದಲು ನೋಡಲು ಬಂದರು, ಆಮೇಲೆ ಬಾಗಿಲು ಹಾಕಿಕೊಂಡರು.

ಎರಡನೆಯ ದಿನ ಬೆಳಿಗ್ಗೆ ಓಣಿಯ ತುದಿಯಲ್ಲಿ ಜೀಪು ನಿಂತಿತು. ಫೌಜದಾರರು ಇಳಿಯಲಿಲ್ಲ. ಸಾದಾ ಬಟ್ಟೆಯ ಇಬ್ಬರು ಪೊಲೀಸರು ನಡೆದು ಬಂದರು. ಒಬ್ಬನು ದಾರಿಯಲ್ಲಿ ನನ್ನನ್ನು ಗೋಡೆಗೆ ಒತ್ತಿ, “ಇಲ್ಲೇ ನಿಂದರ್ರಿ ಪೇಪರಿನವ್ರ, ಬರಿಯಾಕ ಚೊಲೋ ಕಾಣತೈತಿ,” ಎಂದು ಹೇಳಿ ಮುಂದೆ ಹೋದ.

ಅವರು ದ್ಯಾಮವ್ವನ ತುರುಬು ಹಿಡಿದು ಎಳೆದರು. ಅವಳು ಹೊಸ್ತಿಲಿನ ಮರವನ್ನು ಹಿಡಿದುಕೊಂಡಳು. ಒಬ್ಬನು ಬೆನ್ನಿಗೆ ಒದ್ದ. ಕೈ ಬಿಡಲಿಲ್ಲ. ಇನ್ನೊಬ್ಬನು ಅವಳ ಮುಂಗೈ ಮೇಲೆ ಚಪ್ಪಲಿಗಾಲಿಟ್ಟು ಮೈಭಾರ ಬಿಟ್ಟ. ಎಲುಬು ಮುರಿದ ಸದ್ದು ಓಣಿಯ ಆಚೆ ಬದಿಗೆ ಕೇಳಿಸಿತು. ಹೊಸ್ತಿಲಿಗೆ ತಲೆ ಬಡಿದು ಹುಬ್ಬಿನ ಮೇಲೆ ಸೀಳಿತು, ರಕ್ತ ಕಣ್ಣಿಗೆ ಇಳಿಯಿತು. ಅವಳು ಎದ್ದು ಕುಳಿತಳು. ಉಳಿದ ಒಂದು ಕೈಯಿಂದ ಸೆರಗು ಎಳೆದು ಮತ್ತೆ ಉಡಿಯೊಡ್ಡಿದಳು.

ಮತ್ತೆ ಒದೆಯಲು ಕಾಲೆತ್ತಿದಾಗ ಬಸಲಿಂಗವ್ವ ಹೊರಗೆ ಬಂದು ಅವಳ ಮೇಲೆ ಅಡ್ಡ ಬಿದ್ದಳು. ಎತ್ತಿದ ಕಾಲು ಮುದುಕಿಯ ಪಕ್ಕೆಗೆ ತಾಗಿತು.

“ಒದಿ, ಇನ್ನೊಂದ ಒದಿ. ನಿಮ್ಮ ಹವಾಲ್ದಾರನ ಹಡದಾಕಿ ಅದೇನಿ.”

ಇಬ್ಬರೂ ಹಿಂದೆ ಸರಿದರು. ಜೀಪಿನ ಹಾರ್ನು ಕೇಳಿಸಿತು, ಹೋದರು. ಶಿವಪುತ್ರಪ್ಪ ಒಳಗೇ ಇದ್ದ ಎಂದು ಆಗ ಗೊತ್ತಾಯಿತು. ಅವನು ಬಾಗಿಲಿಗೆ ಬಂದ. ಮುದುಕಿ ಬಿದ್ದಲ್ಲಿಂದಲೇ ಅವನಿಗೆ ಹೇಳಿದಳು.

“ಇಕಿ ಕೈ ನೋಡು. ಬಾಗಿ ನೋಡು. ಗುಡ್ಡದಾಕಿ ಹೆಸರು ಹೇಳಿ ಒಂದು ಮನಿ ಮುರದಿ, ಈಗ ನನ್ನ ಹೊಸ್ತಿಲಾ ರಕ್ತ ಮಾಡಿಸಿದಿ. ಇಷ್ಟು ವರ್ಷ ನಿನ್ನ ಪಗಾರದ ಅನ್ನಾ ಉಂಡೇನಿ. ಇನ್ನ ನನ್ನ ಗಂಟಲದಾಗ ಇಳಿಯೂದಿಲ್ಲೋ ಶಿವ್ಯಾ.”

ಅವನು ದ್ಯಾಮವ್ವನ ಕೈಗೆ ಬಿದಿರಿನ ಸೀಳು ಕಟ್ಟಿದ. ಆ ಕಟ್ಟು ಸರಿಯಾಗಿ ಕೂರಲಿಲ್ಲ.

ಅದೇ ಮಧ್ಯಾಹ್ನ ಅವನು ಸಬ್‌ಜೈಲಿಗೆ ಹೋದ. ಧೋತರ, ಬರಿಗಾಲು. ಕಾವಲಿನವನು ಅಭ್ಯಾಸದಿಂದ ಸಲಾಮು ಹೊಡೆದು, “ಇದೇನ್ರಿ ಹವಾಲ್ದಾರ್ರ, ಧೋತರದಾಗ?” ಎಂದ.

“ಇವತ್ತು ಸರಕಾರದ ಕೆಲಸಿಲ್ಲೋ ತಮ್ಮಾ. ತಗಿ.”

ಅವನು ಕಂಬಿಯ ನಡುವೆ ಬೊಗಸೆ ಚಾಚಿದ. ನಿಂಗಪ್ಪ ಬಹಳ ಹೊತ್ತು ಅವನ ಮುಖ ನೋಡಿ ಮುಷ್ಟಿ ಬಿಚ್ಚಿದ. ಬೆವರಿಗೆ ಗಟ್ಟಿಯಾಗಿ ಚರ್ಮಕ್ಕೆ ಅಂಟಿದ್ದ ಭಂಡಾರವನ್ನು ಉಗುರಿನಿಂದ ಕೆರೆದು ಹಾಕಬೇಕಾಯಿತು.

“ಕೊಟ್ಟದ್ದು ತಿರುಗಿ ತಗೊಂಡೇನಿ,” ಎಂದ ಶಿವಪುತ್ರಪ್ಪ. “ನಿನ್ನ ಮಗಳ ಮ್ಯಾಲಿಲ್ಲ. ಏನಿದ್ರೂ ನನ್ನ ಮ್ಯಾಲೆ.” ಅದನ್ನು ಹಣೆಗೆ ಹಚ್ಚಿಕೊಂಡ.

“ನಿಮ್ಮ ಹೆಸರೂ ಹೇಳ್ತೇನ್ರಿ.”

“ಹೇಳು.”

ಗುಂಡಾಚಾರ್ ಅಂದೇ ಅರ್ಜಿ ಹಾಕಿದರು. ಮರುದಿನ ನಿಂಗಪ್ಪನನ್ನು ಕೋರ್ಟಿಗೆ ತಂದರು. ಮ್ಯಾಜಿಸ್ಟ್ರೇಟರು ಕೇಳುವ ಮೊದಲೇ ಅವನು ಅಂಗಿ ಬಿಚ್ಚಿದ. ಬೆನ್ನಿನ ಮೇಲೆ ಅಡ್ಡಡ್ಡ ಬಾಸುಂಡೆಗಳು, ಕೆಲವು ಹಸಿರಾಗಿದ್ದವು, ಕೆಲವು ಒಡೆದು ಕೀವು ಕಟ್ಟಿದ್ದವು. ತೊಡೆಗಳು ಊದಿಕೊಂಡು ಧೋತರ ಬಿಗಿಯಾಗಿತ್ತು. ಕೋರ್ಟಿನ ಶಿರಸ್ತೇದಾರ ಮುಖ ಆಚೆ ತಿರುಗಿಸಿದ.

“ಡಾಕ್ಟರಿಗೆ ತೋರಸ್ರಿ ಅಂತ ಕೇಳತೇನ್ರಿ,” ಎಂದ ನಿಂಗಪ್ಪ. “ಕಾನೂನಿನಾಗ ನಾನ ಕೇಳಬೇಕಂತಲ್ರಿ, ಕೇಳತೇನಿ.”

ಆಮೇಲೆ ಅವನು ಹೇಳಿದ್ದು ಇದು. ಹೊರಠಾಣೆಯ ಹಿಂದಿನ ಕೋಣೆಯಲ್ಲಿ ಇಬ್ಬರನ್ನೂ ಬೇರೆ ಬೇರೆ ಕಂಬಕ್ಕೆ ಕಟ್ಟಿದರು. ಅಂಗಾಲಿಗೆ ಲಾಠಿಯಿಂದ ಹೊಡೆದರು. ಕೊಡಲಿ ಎಲ್ಲಿ ಎಂದು ಕೇಳಿದರು. ಇಲ್ಲದ ಕೊಡಲಿಯನ್ನು ಯಲ್ಲಪ್ಪ ಎಲ್ಲಿಂದ ಕೊಡಬೇಕು. ಅವನನ್ನು ನೆಲಕ್ಕೆ ಮಲಗಿಸಿ ತೊಡೆಯ ಮೇಲೆ ಒನಕೆ ಉರುಳಿಸಿದರು, ಎರಡು ತುದಿಗೂ ಒಬ್ಬೊಬ್ಬರು ನಿಂತರು. ಒಂದು ತುದಿಯಲ್ಲಿ ಶಿವಪುತ್ರಪ್ಪ ಹವಾಲ್ದಾರ. ಯಲ್ಲಪ್ಪ ನೀರು ಕೇಳಿದ. ಫೌಜದಾರರು ಬೂಟಿನಿಂದ ಎದೆಗೆ ಒದ್ದರು. ಮತ್ತೆ ಕೇಳಿದ, ಮತ್ತೆ ಒದ್ದರು. ಬಾಯಿಂದ ನೊರೆರಕ್ತ ಬಂತು. ಮೂರನೆಯ ಸಲ ಅವನು ಕೇಳಲಿಲ್ಲ.

“ನಸಕಿನ್ಯಾಗ ಹೆಣಾ ನಮ್ಮ ಚಕ್ಕಡ್ಯಾಗ ಹಾಕಿದ್ರು. ಎತ್ತು ಬ್ಯಾರೇದವ್ರಿಗೆ ನಡೀಲಿಲ್ರಿ. ಅವು ಅವನ ಕೈಯಾಗ ಬೆಳದ ಎತ್ತು. ಬಾರಕೋಲು ನನ್ನ ಕೈಗೆ ಕೊಟ್ರು. ಬಾವಿ ತನಕ ನಾನ ಹೊಡಕೊಂಡ ಹೋದೇನ್ರಿ.”

ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿದರು. “ಮುಂದೆ ಹೇಳಿ,” ಎಂದರು.

“ಮುಂದೇನಿಲ್ರಿ. ಭಂಡಾರ ಕೊಟ್ರು.”

ತಾಲೂಕಿನ ವೈದ್ಯರು ಅಂದೇ ಗಾಯಗಳನ್ನು ಒಂದೊಂದಾಗಿ ಬರೆದುಕೊಟ್ಟರು. ನಮ್ಮ ಪತ್ರಿಕೆಯಲ್ಲಿ ಈ ಸಲ ಅಂಗಾಲೂ ಬಂತು. ವಾರದೊಳಗೆ ಉಪವಿಭಾಗದ ಅಧಿಕಾರಿ ಪ್ರಾಂತ ಸಾಹೇಬರು ಗೋರಿ ತೆರೆಯಲು ಆಜ್ಞೆ ಮಾಡಿದರು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಎರೆಮಣ್ಣು ಕಾಲಿಗೆ ಮೆತ್ತಿಕೊಂಡು ಒಬ್ಬೊಬ್ಬರ ಚಪ್ಪಲಿಯೂ ಇಟ್ಟಿಗೆಯಷ್ಟು ಭಾರವಾಗಿತ್ತು. ಗೋರಿಯೊಳಗೆ ನೀರು ನಿಂತು, ಅದನ್ನು ಕೊಡದಿಂದ ಎತ್ತಿ ಚೆಲ್ಲಿದ ಮೇಲೆ ಹೆಣ ಕಂಡಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದ ಜಿಲ್ಲಾ ಆಸ್ಪತ್ರೆಯ ವೈದ್ಯರು ಎಲುಬುಗಳನ್ನು ಬೆರಳಿನಿಂದ ಮುಟ್ಟಿ ನೋಡಿ ಹೇಳುತ್ತ ಹೋದರು, ಗುಮಾಸ್ತ ಬರೆದುಕೊಂಡ. ಎದೆಯ ಎರಡೂ ಬದಿಯ ಪಕ್ಕೆಲುಬು ಒಳಕ್ಕೆ ಮುರಿದಿದ್ದವು. ದ್ಯಾಮವ್ವ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಬದುವಿನ ಮೇಲೆ ನಿಂತಿದ್ದಳು. ಹೆಣವನ್ನು ತಿರುಗಿ ಹೂಳುವಾಗ, “ಈ ಸಲ ಕಾಲು ದಕ್ಷಿಣಕ್ಕ ಇಡ್ರೋ, ಅವತ್ತು ಅವಸರದಾಗ ಹೆಂಗರ ಇಟ್ಟಿದ್ರು,” ಎಂದಳು.

ಫೌಜದಾರರನ್ನು ಅಮಾನತು ಮಾಡಿದರು. ಅವರ ಮೇಲೆ, ಠಾಣೆಯಲ್ಲಿ ಹೊಡೆದ ಇಬ್ಬರು ಪೊಲೀಸರ ಮೇಲೆ, ಶಿವಪುತ್ರಪ್ಪನ ಮೇಲೆ ಮೊಕದ್ದಮೆ ಹೂಡಿದರು. ಕಾರಕೂನನ ಕೊಲೆ ಪ್ರಕರಣದಲ್ಲಿ ನಿಂಗಪ್ಪನ ವಿರುದ್ಧ ಪುರಾವೆ ಇಲ್ಲವೆಂದು ಅವನ ಬಿಡುಗಡೆಯಾಯಿತು. ಎತ್ತುಗಳನ್ನು ಬಿಡಿಸಿಕೊಂಡು ಬಂದವನು ಆ ಚಕ್ಕಡಿಯನ್ನು ಮಾತ್ರ ಮನೆಗೆ ತರಲಿಲ್ಲ. ರಾಮದುರ್ಗದ ದನದ ಸಂತೆಗೆ ಬಂದಿದ್ದ ಯಾರಿಗೋ ಕೊಟ್ಟನೆಂದು ಕೇಳಿದೆ.

ಸೆಷನ್ಸ್ ವಿಚಾರಣೆ ಶುರುವಾಗುವ ಹೊತ್ತಿಗೆ ತುರ್ತು ಪರಿಸ್ಥಿತಿ ಬಂದಿತ್ತು. ಪೊಲೀಸರ ವಿಷಯದ ಸುದ್ದಿ ಎರಡು ಸಾಲಿಗಿಂತ ಹೆಚ್ಚು ಬರುತ್ತಿರಲಿಲ್ಲ. ಆದರೂ ನಾನು ಹೋಗಿ ಕುಳಿತಿರುತ್ತಿದ್ದೆ. ಮೊದಲ ದಿನ ನ್ಯಾಯಾಧೀಶರು ನಾಲ್ವರಿಗೂ ಆರೋಪ ಓದಿ ಹೇಳಿ, ಒಪ್ಪುತ್ತೀರಾ ಎಂದು ಕೇಳಿದರು. ಫೌಜದಾರರು ಇಲ್ಲ ಎಂದರು. ಇಬ್ಬರು ಪೊಲೀಸರು ಇಲ್ಲ ಎಂದರು. ಶಿವಪುತ್ರಪ್ಪ ಹೌದು ಎಂದ.

ಅವನ ವಕೀಲರು ಎದ್ದು ಅವನ ತೋಳು ಹಿಡಿದರು. ನ್ಯಾಯಾಧೀಶರು, ಯೋಚನೆ ಮಾಡಿ ಹೇಳು, ಇದರ ಪರಿಣಾಮ ಗೊತ್ತಿದೆಯೇ ಎಂದು ಎರಡು ಸಲ ಕೇಳಿದರು.

“ಒನಕಿ ಮ್ಯಾಲೆ ನಿಂತಿದ್ದೆ ರೀ. ನನ್ನ ತೂಕಾ ನನಗ ಗೊತ್ತೈತಿ.”

ಅವನನ್ನು ಅಂದೇ ಬೇರೆ ಮಾಡಿ ಐದು ವರ್ಷ ಶಿಕ್ಷೆ ಕೊಟ್ಟರು. ಉಳಿದ ಮೂವರ ವಿಚಾರಣೆ ನಡೆಯಿತು. ತಪ್ಪೊಪ್ಪಿಕೊಂಡವನ ಮಾತು ಇನ್ನೊಬ್ಬರ ವಿರುದ್ಧ ತಾನಾಗಿ ಪುರಾವೆಯಾಗುವುದಿಲ್ಲ. ಅವನನ್ನು ಸಾಕ್ಷಿಯಾಗಿ ಕರೆಸಬೇಕು. ಸರಕಾರಿ ವಕೀಲರು ಅವನನ್ನು ಕರೆಸಲಿಲ್ಲ. ಕಣ್ಣಾರೆ ಕಂಡ ಸಾಕ್ಷಿ ಎಂದು ಉಳಿದದ್ದು ನಿಂಗಪ್ಪ ಒಬ್ಬನೇ. ಪಾಟೀಸವಾಲಿನಲ್ಲಿ ಫೌಜದಾರರ ವಕೀಲರು ಅವನನ್ನು ಕೆಣಕಿದರು.

“ಮೊದಲನೇ ದಿವಸ ಕೋರ್ಟಿನ್ಯಾಗ ಏನೂ ಹೊಡದಿಲ್ಲ ಅಂತ ಹೇಳಿದ್ದಿ, ಹೌದಲ್ಲೋ?”

“ಹೌದ್ರಿ.”

“ಹವಾಲ್ದಾರ ನಿನ್ನ ಆಣಿ ಇಳಿಸಿ ನಿನಗ ಉಪಕಾರ ಮಾಡ್ಯಾನ. ಅಂಥಾವನ ಹೆಸರೂ ಹೇಳ್ತಿ. ನಿನಗ ಯಾರ ಹೆಸರಾದರೂ ಒಂದ, ಹೌದಲ್ಲೋ?”

“ಹೊಡದದ್ದು ಹೊಡದದ್ದ ರೀ,” ಎಂದ ನಿಂಗಪ್ಪ. “ಇಳಿಸಿದ್ದು ಇಳಿಸಿದ್ದ.”

ಸತ್ತವನ ಅಣ್ಣ, ಹಿಂದೊಮ್ಮೆ ಮಾತು ಬದಲಿಸಿದವನು, ಇವನೊಬ್ಬನ ಸಾಕ್ಷ್ಯದ ಮೇಲೆ ಶಿಕ್ಷೆ ಕೊಡುವುದು ಸುರಕ್ಷಿತವಲ್ಲ ಎಂದು ತೀರ್ಪಿನಲ್ಲಿ ಬರೆಯಲಾಯಿತು. ಫೌಜದಾರರೂ ಇಬ್ಬರು ಪೊಲೀಸರೂ ಸಂಶಯದ ಲಾಭ ಪಡೆದು ಬಿಡುಗಡೆಯಾದರು. ಅಮಾನತಿನ ಕಾಲದ ಪಗಾರವೂ ಅವರಿಗೆ ಸಿಕ್ಕಿತು. ದ್ಯಾಮವ್ವನ ಕೈ ಮುರಿದದ್ದರ ಬಗ್ಗೆ ಮೊಕದ್ದಮೆಯೇ ಆಗಲಿಲ್ಲ. ಓಣಿಯವರು ಯಾರೂ ನೋಡಿರಲಿಲ್ಲ. ನಾನು ನೋಡಿದ್ದನ್ನು ಪ್ರಾಂತ ಸಾಹೇಬರ ಮುಂದೆ ಹೇಳಿಕೆಯಾಗಿ ಕೊಟ್ಟಿದ್ದೆ. ಅದನ್ನು ಯಾವ ಕೋರ್ಟೂ ಕೇಳಲಿಲ್ಲ.

ಬಸಲಿಂಗವ್ವ ಮಗ ಜೈಲಿನಲ್ಲಿದ್ದಾಗಲೇ ತೀರಿಕೊಂಡಳು. ಶಿವಪುತ್ರಪ್ಪ ಶಿಕ್ಷೆ ಮುಗಿಸಿ ಬಂದು ಒಂದು ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಕಾರಕೂನ ವೆಂಕೋಬರಾಯನನ್ನು ಕೊಂದವರು ಯಾರೆಂದು ಪತ್ತೆಯಾಗಲಿಲ್ಲ, ಕೊಡಲಿಯೂ ಸಿಗಲಿಲ್ಲ. ಫೌಜದಾರರು ಬಡ್ತಿಯ ಮೇಲೆ ಬಡ್ತಿ ಪಡೆದರು. ನಿವೃತ್ತಿಗೆ ಮುಂಚಿನ ಕೆಲವು ವರ್ಷ ಅವರು ಪೊಲೀಸ್ ತರಬೇತಿ ಶಾಲೆಯೊಂದರಲ್ಲಿ ಹೊಸದಾಗಿ ಸೇರಿದವರಿಗೆ ದಂಡ ಪ್ರಕ್ರಿಯಾ ಸಂಹಿತೆಯ ಪಾಠ ಹೇಳುತ್ತಿದ್ದರು.